ಆಶ್ರಮದಲ್ಲಿ ಅಮ್ಮ ಯಾಕೆ ಮಾತು ಕಮ್ಮಿ ಮಾಡಿದರು? ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಹಿರಿಯರ ಮಾನಸಿಕ ಆರೋಗ್ಯ ನೋಡುವ ಡಾಕ್ಟರ್ ಮೇಡಂ ಇವತ್ತು ಗುಂಪಿನಲ್ಲಿದ್ದಾರೆ. ವಿಷಯ, ವೃದ್ಧಾಶ್ರಮದಲ್ಲಿ ನಡೆಯುವ ಮಾನಸಿಕ ಹಿಂಸೆ. ನಿಮ್ಮ ಹೆಸರು ಬೇಡ, ಊರು ಸಾಕು. ಆಶ್ರಮದ ಹೆಸರಂತೂ ಬೇಡವೇ ಬೇಡ.

ತುಮಕೂರು: ನಮಸ್ತೆ ಮೇಡಂ. ಹೊಡೆದರೆ ಗಾಯ ಕಾಣುತ್ತೆ. ಮನಸ್ಸು ನೋಯಿಸಿದ್ದು ಹೇಗೆ ಗೊತ್ತಾಗಬೇಕು?

ಡಾಕ್ಟರ್: ನಮಸ್ತೆ. ನೋಡಿಕೊಳ್ಳುವ ಆಯಾ, ರೂಮಿಗೆ ಬಂದ ತಕ್ಷಣ ನಿಮ್ಮವರು ಮಾತು ನಿಲ್ಲಿಸುತ್ತಾರಾ? ಉತ್ತರ ಕೊಡುವ ಮುಂಚೆ ಆಯಾ ಮುಖ ನೋಡುತ್ತಾರಾ? ನೀವು ಹೊರಟಾಗ ಕೈ ಬಿಡಲ್ವಾ? ಇವನ್ನು ಗಮನಿಸಿ. "ನಿನ್ನ ಮಗ ಇನ್ನು ಬರಲ್ಲ" ಅಂತ ಹೆದರಿಸುವುದು, ಡೈಪರ್ ವಿಷಯ ಎಲ್ಲರೆದುರು ಆಡಿ ನಗುವುದು, ಬೇಕಂತಲೇ ಮಾತಾಡಿಸದೆ ಬಿಡುವುದು, ಎಲ್ಲವೂ ಹಿಂಸೆಯೇ.

ಶಿವಮೊಗ್ಗ: ಅಮ್ಮನಿಗೆ 81. ಬೆಂಗಳೂರಿನ ಆಶ್ರಮದಲ್ಲಿದ್ದಾರೆ. ಸ್ವಲ್ಪ ಮರೆವು ಇದೆ. ಮೊದಲು ಫೋನ್ ಮಾಡಿದರೆ ಆವತ್ತಿನ ಸಾರಿನ ಬಗ್ಗೆಯೇ ಹತ್ತು ನಿಮಿಷ ಮಾತು. ಈಗ "ಚೆನ್ನಾಗಿದೀನಿ, ಇಡ್ಲಾ" ಅಷ್ಟೇ. ಫೋನ್ ಆಯಾ ಕೈಯಲ್ಲಿ, ಸ್ಪೀಕರ್ ಹಾಕಿಕೊಂಡು. ಹೋಗಿ ನೋಡಿದರೆ ಕಿವಿ ಮಷೀನ್ ಬೀರುವಿನಲ್ಲಿತ್ತು. ತುಟಿ ಒಣಗಿತ್ತು, ಆದರೂ ಸಂಜೆ ಮೇಲೆ ನೀರು ಬೇಡ ಅಂದರು. ಸೆರಗನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಅದನ್ನೇ ಮಾಡುತ್ತಾ ಕೂತಿದ್ದರು. ಮ್ಯಾನೇಜರ್ "ಮರೆವು ಜಾಸ್ತಿ ಆಗಿದೆ" ಅಂತಾರೆ. ಇರಬಹುದಾ ಮೇಡಂ?

ಡಾಕ್ಟರ್: ಎಷ್ಟು ದಿನದಿಂದ ಹೀಗೆ? ನಿಧಾನವಾಗಿ ಓದಿ.
ನನಗೆ ಚಿಂತೆ ಆಗಿದ್ದು ನೀರಿನ ವಿಷಯ. ರಾತ್ರಿ ಬಚ್ಚಲಿಗೆ ಕರೆದುಕೊಂಡು ಹೋಗಿ ಅಂದರೆ ಬೈಗುಳ ಬೀಳುತ್ತೆ. ಅದಕ್ಕಿಂತ ಬಾಯಾರಿಕೆಯೇ ವಾಸಿ ಅಂತ ನೀರು ಬಿಟ್ಟವರನ್ನು ನಾನು ನೋಡಿದ್ದೇನೆ. ನೀರು ಕಮ್ಮಿಯಾದರೆ ಮೂತ್ರದ ಸೋಂಕು ಬರಬಹುದು. ಈ ವಯಸ್ಸಿನಲ್ಲಿ ಸೋಂಕಿಗೆ ಜ್ವರವೇ ಬರಬೇಕಂತಿಲ್ಲ, ಬುದ್ಧಿ ಮಂಕಾಗುತ್ತೆ. ಅದನ್ನು ನೋಡಿ "ಮರೆವು ಜಾಸ್ತಿ" ಅಂದುಬಿಡುತ್ತಾರೆ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಏರುವಂಥದ್ದು. ಕೆಲವೇ ದಿನದಲ್ಲಿ ಬದಲಾದರೆ ಬೇರೆ ಕಾರಣ ಹುಡುಕಬೇಕು. ಮೂತ್ರ, ಸೋಡಿಯಂ, ಸಕ್ಕರೆ ಪರೀಕ್ಷೆ ಮಾಡಿಸಿ.
ಔಷಧಿ ಚೀಟಿ ಕೇಳಿ. ರಾತ್ರಿಗೆ ಕ್ವೆಟಿಯಾಪಿನ್ ತರಹದ, ಅಂದರೆ ಮಾನಸಿಕ ಕಾಯಿಲೆಗೆ ಕೊಡುವ, ಮಂಪರು ತರುವ ಹೊಸ ಮಾತ್ರೆ ಸೇರಿದೆಯಾ? ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಇವುಗಳಿಂದ ಸಾವಿನ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಕೆಲವರಿಗೆ ನಿಜವಾಗಿ ಬೇಕಾಗುತ್ತೆ. ಕಾಟ ಕೊಡದೆ ಮಲಗಲಿ ಅಂತ ಕೊಟ್ಟರೆ ಅದು ಚಿಕಿತ್ಸೆ ಅಲ್ಲ. ನೀವೇ ನಿಲ್ಲಿಸಬೇಡಿ, ಬರೆದ ಡಾಕ್ಟರನ್ನು ಕೇಳಿ.
ಆಮೇಲೆ ಅಮ್ಮನನ್ನು ಹೊರಗೆ ಕರೆದುಕೊಂಡು ಹೋಗಿ. "ಯಾರಾದರೂ ಬೈತಾರಾ" ಅಂದರೆ ಇಲ್ಲ ಅಂತಾರೆ. "ರಾತ್ರಿ ಎಚ್ಚರ ಆದರೆ ಯಾರನ್ನು ಕರೀತೀಯಮ್ಮಾ? ಅವರು ಏನಂತಾರೆ?" ಅಂತ ಕೇಳಿ ಸುಮ್ನೆ ಕೂತಿರಿ. ಆಯಾ ಮೇಲೆ ಅಲ್ಲೇ ಕೂಗಾಡಬೇಡಿ. ನೀವು ಬಸ್ ಹತ್ತುತ್ತೀರಿ, ಅಮ್ಮ ಅಲ್ಲೇ ಇರಬೇಕು.

ಹಾಸನ: ಬಂದಿದ್ದನ್ನು ಕಳಿಸ್ತಿದೀನಿ 🙏 ದಿನಾ ಎರಡು ಚಮಚ ತೆಂಗಿನೆಣ್ಣೆ, ರಾತ್ರಿ ಅಶ್ವಗಂಧ. ಹತ್ತೇ ದಿನದಲ್ಲಿ ನೆನಪು ವಾಪಸ್.

ಡಾಕ್ಟರ್: ವಾಪಸ್ ಬರಲ್ಲ. ನಿದ್ದೆ ಮಾತ್ರೆ ಜೊತೆ ಅಶ್ವಗಂಧ ಸೇರಿದರೆ ಮಂಪರು ಜಾಸ್ತಿಯಾಗಿ ಬೀಳಬಹುದು. ಲಿವರಿಗೆ ಪೆಟ್ಟಾದ ಉದಾಹರಣೆಗಳೂ ಇವೆ. ಬೈಗುಳಕ್ಕೆ ತೆಂಗಿನೆಣ್ಣೆ ಮದ್ದಾ?

ಹಾಸನ: ನಮ್ಮ ಹಿರಿಯರು ಇದನ್ನೇ ತಿಂದು ನೂರು ವರ್ಷ ಬದುಕಿದ್ದರು.

ಡಲ್ಲಾಸ್: ಅಪ್ಪ ಮೈಸೂರಿನ ಆಶ್ರಮದಲ್ಲಿದ್ದಾರೆ. ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ಗುರುತಿಸೋದು ಹೇಗೆ?

ಹುಬ್ಬಳ್ಳಿ: ಅಪ್ಪನ್ನ ಬಿಟ್ಟು ಹೋಗಿ ಈಗ ಕೇಳಾಕತ್ತೀರಿ? ತಂದೆ-ತಾಯಿ, ಹಿರಿಯರ ಪಾಲನೆಯ 2007ರ ಕಾಯ್ದೆ ಓದ್ರಿ. ಕೈಬಿಟ್ಟವರಿಗೆ ಮೂರು ತಿಂಗಳು ಜೈಲು.

ಡಲ್ಲಾಸ್: ಆಶ್ರಮವೇ ಬೇಕು ಅಂದಿದ್ದು ಅಪ್ಪ. ಅಲ್ಲಿ ಅವರಿಗೆ ಚೆಸ್ ಆಡೋಕೆ ಜನ ಇದ್ದಾರೆ. ನಿಮಗೇನ್ ಗೊತ್ತು?

ಮೈಸೂರು: ಮನೆಯಲ್ಲೇ ಇಟ್ಟುಕೊಂಡು ವಾರಗಟ್ಟಲೆ ಮಾತಾಡಿಸದವರನ್ನು ನಮ್ಮ ಬೀದಿಯಲ್ಲೇ ತೋರಿಸ್ತೀನಿ, ಬನ್ನಿ.

ಹುಬ್ಬಳ್ಳಿ: ನಿಮ್ಮ ಬೀದಿ ನೀವೇ ನೋಡ್ಕೋರಿ.

ಡಾಕ್ಟರ್: ಆ ಶಿಕ್ಷೆ ಪೂರ್ತಿ ಕೈಬಿಡುವ ಉದ್ದೇಶದಿಂದ ಬಿಟ್ಟು ಹೋದವರಿಗೆ. ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಶುಲ್ಕ ಕಟ್ಟಿ ವಿಚಾರಿಸಿಕೊಳ್ಳುವ ಮಕ್ಕಳಿಗಲ್ಲ. ಜಗಳ ಬೇರೆ ಕಡೆ ಆಡಿ.

ಶಿವಮೊಗ್ಗ: ಎರಡು ವಾರ ಆಗಿರಬಹುದು ಮೇಡಂ. ಈಗ ಫೋನ್ ಮಾಡಿದೆ. ನಿನ್ನೆಯಿಂದ ಹಗಲೆಲ್ಲಾ ನಿದ್ದೆಯಂತೆ, ಊಟಕ್ಕೂ ಎದ್ದಿಲ್ಲ.

ಡಾಕ್ಟರ್: ನೀವು ಬರುವವರೆಗೆ ಕಾಯಬೇಡಿ. ಈಗಲೇ ಆಸ್ಪತ್ರೆಗೆ ಸೇರಿಸಲು ಹೇಳಿ. ಬೆಂಗಳೂರಿನಲ್ಲಿ ನೆಂಟರಿದ್ದರೆ ಕಳಿಸಿ. ಔಷಧಿ ಚೀಟಿ, ಕಿವಿ ಮಷೀನ್ ಜೊತೆಗಿರಲಿ. ಮಂಕಾಗಿ ಮಲಗೇ ಇರುವುದು ಗಲಾಟೆ ಮಾಡುವುದಕ್ಕಿಂತ ಅಪಾಯ, ಯಾಕಂದರೆ ಯಾರೂ ಗಮನಿಸಲ್ಲ.

ಶಿವಮೊಗ್ಗ: ತಮ್ಮನಿಗೆ ಹೇಳಿದೆ. ಹೊರಟ.

ಮಂಡ್ಯ: ದೂರು ಎಲ್ಲಿ ಕೊಡಬೇಕು?

ಡಾಕ್ಟರ್: ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567, ಬೆಳಿಗ್ಗೆ 8ರಿಂದ ರಾತ್ರಿ 8. ಬೆಂಗಳೂರಿನಲ್ಲಿ ಹಿರಿಯರಿಗೆ 1090 ಕೂಡ ಇದೆ. ಜೀವಕ್ಕೆ ಅಪಾಯ ಅನ್ನಿಸಿದರೆ 112. ಮೊದಲು ತಾರೀಖು, ಹೊತ್ತು, ನೋಡಿದ್ದು ಬರೆದಿಡಿ.

ಕೋಲಾರ: ದೂರು ಕೊಡೋ ನಂಬರ್ ಹೇಳಿ ಮೇಡಂ.

ಡಾಕ್ಟರ್: ಮೇಲಿದೆ.

ಉಡುಪಿ: ಗುಪ್ತ ಕ್ಯಾಮೆರಾ ಇಡಿ ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಅಜ್ಜಿಯ ರೂಮಲ್ಲಿ ಇನ್ನೊಬ್ಬರೂ ಇದ್ದಾರೆ.

ಡಾಕ್ಟರ್: ಅವರು ಬಟ್ಟೆ ಬದಲಿಸುವುದೂ ಅದರಲ್ಲಿ ಬರುತ್ತೆ. ಬೇಡ.

ಬಳ್ಳಾರಿ: ನಂಬರ್ ಪ್ಲೀಸ್.

ಡಾಕ್ಟರ್: ಮೇಲೆ!

ನೆಲಮಂಗಲ: ನಾನು ಆಯಾ ಕೆಲಸ ಮಾಡೋಳು. ರಾತ್ರಿ ಇಪ್ಪತ್ತು ಜನಕ್ಕೆ ಒಬ್ಬಳೇ. ಕೆಲವು ಅಜ್ಜಂದಿರು ಜಾತಿ ಹಿಡಿದು ಬೈತಾರೆ. ಅದನ್ನ ಯಾರಿಗೆ ಹೇಳೋದು?

ಹುಬ್ಬಳ್ಳಿ: ಬೈಸ್ಕೊಳ್ಳೋ ಕೆಲಸ ಮಾಡಿರ್ತೀರಿ.

ಮೈಸೂರು: ಅಡ್ಮಿನ್, ಇವರನ್ನು ಮೊದಲು ತೆಗೀರಿ.

ಡಲ್ಲಾಸ್: ವಿಡಿಯೋ ಕಾಲ್ ಬಗ್ಗೆ ಕೇಳಿದ್ದೆ ಮೇಡಂ.

ಹಾಸನ: ಬ್ರಾಹ್ಮಿ ಆದರೂ ಕೊಡಬಹುದಾ?