ಸ್ಟ್ರೈಟನಿಂಗ್ ಬಿಟ್ಟು 8 ತಿಂಗಳಾಯ್ತು, ಕೂದಲು ನಡುವೆಯೇ ತುಂಡಾಗುತ್ತಿದೆ. ಎಲ್ಲಾ ಕತ್ತರಿಸಿಬಿಡಲಾ?

ಮತ್ತೆ_ಗುಂಗುರು:

ಎಲ್ಲರಿಗೂ ನಮಸ್ಕಾರ. ನನ್ನದು ಹುಟ್ಟಿದಾಗಿನಿಂದ ಗುಂಗುರು ಕೂದಲು. ಸುಮಾರು 6 ವರ್ಷ ಕೆಮಿಕಲ್ ಹಾಕಿಸಿ ನೇರ ಮಾಡಿಸಿಕೊಂಡೆ. ಬುಡದಲ್ಲಿ ಸ್ವಲ್ಪ ಸುರುಳಿ ಕಂಡರೆ ಸಾಕು, ಮತ್ತೆ ಹೋಗಿ ಕೂರುತ್ತಿದ್ದೆ. 8 ತಿಂಗಳ ಹಿಂದೆ ಸಾಕು ಅನ್ನಿಸಿ ನಿಲ್ಲಿಸಿದೆ. ನನ್ನ ಸ್ವಂತ ಕೂದಲು ಹೇಗಿತ್ತು ಅನ್ನುವುದೇ ಮರೆತುಹೋಗಿತ್ತು, ಅದನ್ನು ನೋಡಬೇಕು ಅಂತ ತುಂಬಾ ಆಸೆ.

ಈಗ ಬುಡದಿಂದ ಒಂಬತ್ತು ಹತ್ತು ಸೆಂಟಿಮೀಟರ್ ಸುರುಳಿ ಬಂದಿದೆ, ಅದರ ಕೆಳಗೆ ಸೊಂಟದ ತನಕ ಕಡ್ಡಿಯ ಹಾಗೆ ನೇರ. ಎರಡೂ ಸೇರುವ ಜಾಗದಲ್ಲೇ ಪಟ್ ಅಂತ ಮುರಿಯುತ್ತದೆ. ಬಾಚಿದಾಗೆಲ್ಲ ನೆಲದ ತುಂಬಾ ಕೂದಲು. ನೋಡಲು ಚೆನ್ನಾಗಿರುವುದಿಲ್ಲ ಅಂತ ದಿನಾ ಬೆಳಗ್ಗೆ ತಲೆ ಒದ್ದೆ ಮಾಡಿ, ಗಟ್ಟಿಯಾಗಿ ಬಾಚಿ, ಬಿಗಿಯಾಗಿ ತುರುಬು ಕಟ್ಟುತ್ತೇನೆ. ಆಗ ಮಾತ್ರ ಎರಡು ಥರ ಇರುವುದು ಕಾಣಿಸುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನೇರ ಇರುವುದನ್ನೆಲ್ಲ ಒಂದೇ ಸಲ ಕತ್ತರಿಸಬೇಕಾ, ಇಲ್ಲ ಉಳಿಸಿಕೊಂಡೇ ಬೆಳೆಸಬಹುದಾ? ಮುರಿಯುವ ಜಾಗವನ್ನು ರಿಪೇರಿ ಮಾಡುವ ಕ್ರೀಮ್ ಏನಾದರೂ ಇದೆಯಾ? ಇಷ್ಟು ಚಿಕ್ಕ ಕೂದಲಲ್ಲಿ ನನ್ನ ಮುಖವನ್ನೇ ನಾನು ಕಲ್ಪಿಸಿಕೊಳ್ಳಲಾರೆ, ನಿಜವಾಗಿ ಭಯ ಆಗುತ್ತಿದೆ.

ಮೋಟು_ಸುರುಳಿ:

ಕತ್ತರಿಸಿ. ನಾನೂ ಒಂದು ವರ್ಷ ಒದ್ದಾಡಿ ಕೊನೆಗೆ ಕತ್ತರಿಸಿದೆ. ಮೊದಲ ವಾರ ಕನ್ನಡಿ ನೋಡಿ ಅತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಎರಡನೇ ವಾರದಿಂದ ತಲೆ ತೊಳೆಯಲು ಹತ್ತು ನಿಮಿಷ ಸಾಕಾಯ್ತು, ಸಿಕ್ಕು ಬಿಡಿಸುವುದಂತೂ ಇಲ್ಲವೇ ಇಲ್ಲ. ಮೇಲಿನ ಸುರುಳಿಯನ್ನು ಕೆಳಗಿನ ಭಾರ ಎಳೆಯುತ್ತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ, ಕತ್ತರಿಸಿದ ಮೇಲೆ ಅದು ಚಿಗುರಿದ ಹಾಗೆ ಎದ್ದು ನಿಂತಿತು.

ಕತ್ತರಿ_ಕೈ:

ಕೂದಲು ಕತ್ತರಿಸುವುದೇ ನನ್ನ ಕೆಲಸ, ಆದರೂ ನಿಮಗೆ ಈಗಲೇ ಎಲ್ಲಾ ಕತ್ತರಿಸಿ ಅಂತ ನಾನು ಹೇಳುವುದಿಲ್ಲ. ನಿಮಗೆ ಮನಸ್ಸಿಲ್ಲ ಅಂತ ನಿಮ್ಮ ಮಾತಲ್ಲೇ ಗೊತ್ತಾಗುತ್ತದೆ. ಮನಸ್ಸಿಲ್ಲದೆ ಕತ್ತರಿಸಿಕೊಂಡು ಕುರ್ಚಿಯಲ್ಲೇ ಅತ್ತವರನ್ನು ತುಂಬಾ ನೋಡಿದ್ದೇನೆ.

ಮೊದಲು ರಿಪೇರಿ ಕ್ರೀಮ್ ವಿಷಯ. ತಲೆಯಿಂದ ಹೊರಗೆ ಬಂದ ಕೂದಲಿಗೆ ಜೀವ ಇರುವುದಿಲ್ಲ. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ, ಕೂದಲು ಹಾಗೆ ಮಾಯುವುದಿಲ್ಲ. ಕೂದಲು ಅಂದರೆ ಕೆರಾಟಿನ್ ಅನ್ನುವ ಪ್ರೋಟೀನ್. ಅದರ ಎಳೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಗಂಧಕದ ಕೊಂಡಿಗಳು. ಪರ್ಮನೆಂಟ್ ಸ್ಟ್ರೈಟನಿಂಗ್ ಮಾಡುವಾಗ ಒಡೆಯುವುದು ಆ ಕೊಂಡಿಗಳನ್ನೇ, ಅದಕ್ಕೇ ಆ ಭಾಗ ಮತ್ತೆ ಯಾವತ್ತೂ ಸುರುಳಿಯಾಗುವುದಿಲ್ಲ, ಮೊದಲಿನಷ್ಟು ಗಟ್ಟಿಯೂ ಆಗುವುದಿಲ್ಲ. ಕಂಡಿಷನರ್ ಮೇಲೆ ಒಂದು ನುಣುಪು ಪದರ ಕೊಡುತ್ತದೆ, ಉಜ್ಜಾಟ ಕಡಿಮೆ ಮಾಡುತ್ತದೆ. ಅದು ಬೇಕೇ ಬೇಕು. ಆದರೆ ಯಾವ ಡಬ್ಬಿಯ ಮೇಲೆ ಏನೇ ಬರೆದಿರಲಿ, ಹಳೇ ಕೂದಲನ್ನು ಹೊಸದು ಮಾಡಲು ಆಗುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕೂದಲನ್ನು ಮುರಿಯುತ್ತಿರುವುದು ಆ ತುರುಬು. ಗಟ್ಟಿ ಸುರುಳಿ ಮತ್ತು ಸೋತ ನೇರ ಕೂದಲು ಸೇರುವ ಜಾಗ ಮೊದಲೇ ದುರ್ಬಲ. ಕೂದಲು ಒದ್ದೆಯಾದಾಗ ನೀರು ಒಳಗೆ ಹೋಗಿ ಅದು ಉಬ್ಬುತ್ತದೆ, ರಬ್ಬರ್ ಥರ ಜಗ್ಗುತ್ತದೆ, ಒಣಗಿದ್ದಾಗ ಇದ್ದ ಶಕ್ತಿ ಆಗ ಇರುವುದಿಲ್ಲ. ನೀವು ಅದೇ ಹೊತ್ತಲ್ಲಿ ಗಟ್ಟಿಯಾಗಿ ಬಾಚುತ್ತೀರಿ, ಎಳೆದು ಕಟ್ಟುತ್ತೀರಿ, ಅದು ಕಟ್ಟಿದಲ್ಲೇ ಒಣಗಿ ಇನ್ನಷ್ಟು ಬಿಗಿಯಾಗುತ್ತದೆ. ದಿನಾ. 8 ತಿಂಗಳು. ಇದನ್ನು ನಿಲ್ಲಿಸಿದರೆ ಅರ್ಧ ಮುರಿಯುವುದು ಅಲ್ಲೇ ನಿಲ್ಲುತ್ತದೆ ಅಂತ ನನ್ನ ಅನುಭವ.

ವಾರಕ್ಕೆ ಒಂದೋ ಎರಡೋ ಸಲ ತಲೆ ತೊಳೆಯಿರಿ. ಶಾಂಪೂ ನೆತ್ತಿಗೆ ಮಾತ್ರ, ಕೂದಲಿನ ಉದ್ದಕ್ಕೆ ಹಾಕಿ ತಿಕ್ಕಬೇಡಿ, ಇಳಿದು ಬರುವ ನೊರೆಯೇ ಅದಕ್ಕೆ ಸಾಕು. ಆಮೇಲೆ ಕಂಡಿಷನರ್ ಧಾರಾಳವಾಗಿ ಹಚ್ಚಿ, ಅದು ಇರುವಾಗಲೇ ಬೆರಳಿಂದ ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ತುದಿಯಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಬನ್ನಿ, ಮತ್ತೆ ಆ ಎರಡೂ ಸೇರುವ ಜಾಗವನ್ನು ಮೇಲುಗಡೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಾಚಿ, ಎಳೆತ ಅಲ್ಲಿಗೆ ತಾಗಬಾರದು. ಟವೆಲ್ಲಿಂದ ತಿಕ್ಕಬೇಡಿ, ಹಳೇ ಕಾಟನ್ ಟೀ ಶರ್ಟಿಂದ ಸುಮ್ನೆ ಒತ್ತಿ.

ಎರಡು ಥರ ಕಾಣಿಸಬಾರದು ಅಂದರೆ, ಮುಕ್ಕಾಲು ಒಣಗಿದ ಮೇಲೆ ರಾತ್ರಿ ನಾಲ್ಕೈದು ಸಡಿಲ ಜಡೆ ಹಾಕಿ ಮಲಗಿ. ಪೂರ್ತಿ ಒಣಗಿದ ಮೇಲೆ ಬೆಳಗ್ಗೆ ಬಿಚ್ಚಿದರೆ ನೇರ ಇರುವುದೂ ಅಲೆಅಲೆಯಾಗಿ ಮೇಲಿನದರ ಜೊತೆ ಸೇರಿಕೊಳ್ಳುತ್ತದೆ. ಬುಡದ ಸುರುಳಿಯನ್ನು ಐರನ್ ಹಾಕಿ ಹೊಂದಿಸಲು ಮಾತ್ರ ಹೋಗಬೇಡಿ. ಅದರಲ್ಲೂ ಒದ್ದೆ ಕೂದಲಿಗೆ ಬಿಸಿ ಐರನ್ ಇಟ್ಟರೆ ಒಳಗಿನ ನೀರು ಆವಿಯಾಗಿ ಕೂದಲೊಳಗೇ ಗುಳ್ಳೆ ಏಳುತ್ತದೆ, ಅಲ್ಲಿಗೇ ಅದು ತುಂಡು.

ಎರಡು ತಿಂಗಳಿಗೊಮ್ಮೆ ಕೆಳಗಿಂದ ಐದಾರು ಸೆಂಟಿಮೀಟರ್ ತೆಗೆಸುತ್ತಾ ಹೋಗಿ. ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ, ಹಾಗಾಗಿ ನಿಧಾನವಾಗಿ ಗಿಡ್ಡವಾಗುತ್ತಾ ಬರುತ್ತದೆ, ನಿಮ್ಮ ಕಣ್ಣಿಗೂ ಅಭ್ಯಾಸ ಆಗುತ್ತದೆ.

ಮೋಟು_ಸುರುಳಿ:

ಕತ್ತರಿ_ಕೈ ಹೇಳಿದ್ದು ಒಪ್ಪುತ್ತೇನೆ, ಆದರೆ ಅಷ್ಟು ಉದ್ದ ಇರುವವರೆಗೆ ಪ್ರತಿ ಸಲ ತೊಳೆಯುವುದು ಒಂದೂವರೆ ಗಂಟೆ ಕೆಲಸ ಅಂತಲೂ ಪ್ರಶ್ನೆ ಕೇಳಿದವರಿಗೆ ಗೊತ್ತಿರಲಿ. ಆ ತಾಳ್ಮೆ ಇಲ್ಲದೆ ಸಿಟ್ಟಲ್ಲಿ ಎಳೆದು ಬಾಚಿಯೇ ನಾನು ಜಾಸ್ತಿ ಕಳೆದುಕೊಂಡಿದ್ದು.

ಮತ್ತೆ_ಗುಂಗುರು:

ತುರುಬು ಕಾರಣ ಅಂತ ಒಂದು ದಿನವೂ ಹೊಳೆದಿರಲಿಲ್ಲ. ಕೂದಲನ್ನು ಕಾಪಾಡುತ್ತಿದ್ದೇನೆ ಅಂತಲೇ ಕಟ್ಟುತ್ತಿದ್ದೆ.

ಇನ್ನೊಂದು ವಿಷಯ, ಮೊದಲು ಹೇಳಲು ಸಂಕೋಚ ಆಗಿತ್ತು. ಹಣೆಯ ಅಂಚಲ್ಲಿ, ಎರಡೂ ಕಿವಿ ಮುಂದೆ, ಕೂದಲು ತೆಳ್ಳಗಾಗಿದೆ. ಅಲ್ಲಿ ಸಣ್ಣ ಸಣ್ಣ ಗುಳ್ಳೆ ಬೇರೆ. ಎಣ್ಣೆ ತಿಕ್ಕಿದರೆ ಸರಿಹೋಗುತ್ತದಾ?

ಅಂಚು_ಉಳಿಸಿ:

ಇದನ್ನು ಓದಿದ್ದಕ್ಕೇ ಲಾಗಿನ್ ಆದೆ. ದಯವಿಟ್ಟು ಚರ್ಮದ ಡಾಕ್ಟರ್ ಹತ್ತಿರ ಹೋಗಿ, ಎಣ್ಣೆ ಹಚ್ಚಿಕೊಂಡು ಕಾಯಬೇಡಿ. ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದರೆ ಕೂದಲಿನ ಬುಡಕ್ಕೇ ಪೆಟ್ಟು ಬೀಳುತ್ತದೆ, ಇದಕ್ಕೆ ಟ್ರಾಕ್ಷನ್ ಅಲೊಪೀಶಿಯಾ ಅಂತಾರೆ. ಹಣೆ ಅಂಚು, ಕಿವಿ ಮುಂದೆ, ಅಲ್ಲೇ ಮೊದಲು ಶುರುವಾಗುವುದು. ಬೇಗ ಗೊತ್ತಾಗಿ ಎಳೆಯುವುದು ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ತಡ ಮಾಡಿದರೆ ಬುಡ ಮುಚ್ಚಿಹೋಗಿ ಕಲೆಯಾಗುತ್ತದೆ, ಆಮೇಲೆ ಅಲ್ಲಿ ಕೂದಲು ಬರುವುದಿಲ್ಲ. ನನಗೆ ಎಡಗಡೆ ವಾಪಸ್ ಬಂತು, ಬಲಗಡೆ ಒಂದು ಬೆರಳು ಅಗಲದ ಜಾಗ ಹಾಗೇ ಖಾಲಿ ಉಳಿಯಿತು. ನಾನು ಎರಡು ವರ್ಷ ಸುಮ್ಮನಿದ್ದೆ, ಅದು ಈಗಲೂ ನೋವು ಕೊಡುತ್ತದೆ. ಕಟ್ಟಿದಾಗ ನೆತ್ತಿ ನೋಯುತ್ತಿದ್ದರೆ, ಗುಳ್ಳೆ ಎದ್ದರೆ, ಅದು ಆಗಲೇ ಜಾಸ್ತಿ ಬಿಗಿಯಾಗಿದೆ ಅಂತ ಅರ್ಥ.

ಎಣ್ಣೆ ಬೇಡ ಅಂತಲ್ಲ. ಕೊಬ್ಬರಿ ಎಣ್ಣೆ ಕೂದಲೊಳಗೆ ಇಳಿಯುತ್ತದೆ, ತೊಳೆಯುವ ಮುಂಚೆ ಉದ್ದಕ್ಕೂ ಹಚ್ಚಿದರೆ ಪ್ರೋಟೀನ್ ಕಳೆದುಹೋಗುವುದು ಕಡಿಮೆ ಆಗುತ್ತದೆ. ಗುಂಗುರು ಕೂದಲಿಗೆ ಇದು ಒಳ್ಳೆಯದೇ, ಯಾಕಂದರೆ ನೆತ್ತಿಯ ಜಿಡ್ಡು ಸುರುಳಿಗಳನ್ನು ದಾಟಿ ತುದಿ ತನಕ ಇಳಿಯುವುದು ಕಷ್ಟ. ಆದರೆ ಗುಳ್ಳೆ ಎದ್ದ ಜಾಗಕ್ಕೆ ಎಣ್ಣೆ ತಿಕ್ಕುವುದು ಬೇಡ.

ಕತ್ತರಿ_ಕೈ:

ಅಂಚು ತೆಳ್ಳಗಾಗಿದೆ ಅಂದ ಮೇಲೆ ತುರುಬು ಇವತ್ತೇ ಬಿಡಿ, ಡಾಕ್ಟರ್‌ಗೂ ಇವತ್ತೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ಕಟ್ಟಲೇಬೇಕಾದರೆ ಕತ್ತಿನ ಹತ್ತಿರ ಬಟ್ಟೆ ಸುತ್ತಿದ ಬ್ಯಾಂಡಿಂದ ಸಡಿಲವಾಗಿ ಕಟ್ಟಿ, ಬರೀ ರಬ್ಬರ್ ಬೇಡ. ಮತ್ತೆ ಬಿದ್ದ ಕೂದಲನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಪುಟ್ಟ ಬಿಳಿ ಗಂಟು ಇದ್ದರೆ ಅದು ಬುಡದಿಂದ ಉದುರಿದ್ದು, ದಿನಕ್ಕೆ 50ರಿಂದ 100 ಹಾಗೆ ಉದುರುವುದು ಎಲ್ಲರಿಗೂ ಸಹಜ. ಗಂಟಿಲ್ಲದ ತುಂಡುಗಳು ಜಾಸ್ತಿ ಇದ್ದರೆ ಮುರಿದದ್ದು. ಡಾಕ್ಟರ್‌ಗೆ ಇದನ್ನೂ ಹೇಳಿ.

ಮತ್ತೆ_ಗುಂಗುರು:

ಈಗಷ್ಟೇ ನೋಡಿದೆ. ಬಹಳಷ್ಟು ತುಂಡುಗಳೇ, ಕೆಲವಕ್ಕೆ ಮಾತ್ರ ಬಿಳಿ ಗಂಟು. ಡಾಕ್ಟರ್ ಗುರುವಾರ ಬರಲು ಹೇಳಿದ್ದಾರೆ. ಶನಿವಾರ ಸೊಂಟದ ತನಕ ಇರುವುದನ್ನು ಭುಜದ ತನಕ ತೆಗೆಸುತ್ತೇನೆ, ಅಷ್ಟಕ್ಕೆ ಮನಸ್ಸು ಒಪ್ಪಿದೆ. ತುರುಬು ಬಿಚ್ಚಿ ಕೂತಿದ್ದೇನೆ, ತಲೆ ಇಷ್ಟು ಹಗುರ ಅನ್ನಿಸಿ ಎಷ್ಟು ದಿನವಾಗಿತ್ತೋ. ಕಿವಿ ಹಿಂದೆ ಒಂದು ಸುರುಳಿ ಪೂರ್ತಿ ಉಂಗುರದ ಹಾಗೆ ತಿರುಗಿದೆ, ಅದನ್ನೇ ಬೆರಳಿಗೆ ಸುತ್ತಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ.