ದಕ್ಕೆಯ ಲೈವ್ ಕ್ಯಾಮೆರಾ: ರಾತ್ರಿ ಚಿತ್ರ ಬೆಳ್ಳಗಾಗುತ್ತದೆ, ಲೈವ್ ಶುರುವಾಗುವುದಿಲ್ಲ

ಪ್ರಶ್ನೆ:
ಮಲ್ಪೆ ದಕ್ಕೆಗೆ (ಮೀನುಗಾರಿಕೆ ಬೋಟ್‌ ಕಟ್ಟುವ ಕಟ್ಟೆ) ಮುಖಮಾಡಿ ತಾರಸಿ ಮೇಲೆ 2 ಮೆಗಾಪಿಕ್ಸೆಲ್ ಬುಲೆಟ್ ಕ್ಯಾಮೆರಾ ಕೂರಿಸಿದ್ದೇವೆ. 2.8 ಎಂಎಂ ಲೆನ್ಸ್, ಐಪಿ66, ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟೂ ಬರುತ್ತದೆ). ಬೋಟ್‌ಗಳು ನಿಲ್ಲುವುದು ಸುಮಾರು 300 ಮೀಟರ್ ದೂರದಲ್ಲಿ. ಪರವೂರಿನಲ್ಲಿರುವ ನಮ್ಮವರಿಗೂ ಕಾಣಲಿ ಅಂತ ಯೂಟ್ಯೂಬ್ ಲೈವ್ ಕೊಡಬೇಕು. ಗಾಜು ಒರೆಸಿದ ನಾಲ್ಕೇ ದಿನಕ್ಕೆ ಮಸುಕಾಗುತ್ತದೆ. ರಾತ್ರಿ ಪರದೆ ಪೂರ್ತಿ ಬಿಳಿ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ಚಿತ್ರ ಬರುತ್ತದೆ, ಯೂಟ್ಯೂಬ್‌ನಲ್ಲಿ ಲೈವ್ ಶುರುವಾಗುವುದೇ ಇಲ್ಲ. ಬೋಟ್‌ಗಳೂ ತೀರಾ ಸಣ್ಣದಾಗಿ ಕಾಣುತ್ತವೆ.

ಉತ್ತರ 1:
ಮಸುಕು ಮತ್ತು ರಾತ್ರಿಯ ಬಿಳುಪು ಎರಡಕ್ಕೂ ಕಾರಣ ಒಂದೇ, ಉಪ್ಪು. ಗಾಜಿನ ಮೇಲೆ ಕೂತ ಉಪ್ಪಿನ ಪದರಕ್ಕೆ ಕ್ಯಾಮೆರಾದ್ದೇ ಇನ್‌ಫ್ರಾರೆಡ್ ಬೆಳಕು ತಾಗಿ ವಾಪಸ್ ಲೆನ್ಸ್‌ಗೆ ಹೊಡೆಯುತ್ತದೆ. ಜೇಡರ ಬಲೆ ಇದ್ದರೂ ಹೀಗೇ ಆಗುತ್ತದೆ. 300 ಮೀಟರಿಗೆ ಆ ಬೆಳಕು ಹೇಗೂ ಮುಟ್ಟುವುದಿಲ್ಲ, ಆಫ್ ಮಾಡಿ. ದಕ್ಕೆಯ ದೀಪಗಳೇ ಸಾಕು. ಶಟರ್ 1/25 ಸೆಕೆಂಡಿಗೆ ಇಡಿ.

ಒಣ ಬಟ್ಟೆಯಲ್ಲಿ ಮಾತ್ರ ದಯವಿಟ್ಟು ಒರೆಸಬೇಡಿ, ಉಪ್ಪಿನ ಜೊತೆ ಕೂತ ಮರಳಿನ ಕಣ ಗಾಜನ್ನು ಗೀರುತ್ತದೆ. ಮೊದಲು ಸಿಹಿನೀರು ಸುರಿದು ಉಪ್ಪು ಕರಗಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ವಾರಕ್ಕೊಮ್ಮೆ ಬೇಕೇ ಬೇಕು.

ಐಪಿ66 ಅಂದರೆ ಧೂಳು, ನೀರು ಒಳಹೋಗದು ಅಂತಷ್ಟೇ. ತುಕ್ಕಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಮೊದಲು ಕೆಡುವುದು ಆರ್‌ಜೆ45 ಜೋಡಣೆ, ಅಂದರೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ. ಸದಾ ಡಿಸಿ ಕರೆಂಟು ಇರುವುದರಿಂದ ತೇವ ಸೇರಿದರೆ ಪಿನ್ ಬೇಗ ಹಸಿರುಗಟ್ಟುತ್ತದೆ. ಅದನ್ನು ಡಬ್ಬಿಯೊಳಗೆ ಇಟ್ಟು, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ಕೇಬಲನ್ನು ಕೆಳಗೆ ಬಾಗಿಸಿ ಡಬ್ಬಿಯ ತಳದಿಂದ ಒಳಬಿಡಿ. ಸ್ಕ್ರೂ ಉಪ್ಪುಗಾಳಿ ತಡೆಯುವ 316 ಸ್ಟೀಲ್ ಇರಲಿ. ಬ್ರಾಕೆಟ್ ಅಲ್ಯೂಮಿನಿಯಂ ಆದರೆ ಎರಡು ಲೋಹ ತಾಗಿ ಸವೆಯದಂತೆ ನಡುವೆ ನೈಲಾನ್ ವಾಷರ್ ಹಾಕಿ.

ಉತ್ತರ 2:
ಲೈವ್ ಶುರುವಾಗದಿರುವುದು ಬಹುಶಃ ಆಡಿಯೋ ಇಲ್ಲದ್ದಕ್ಕೆ. ಕ್ಯಾಮೆರಾಕ್ಕೆ ಮೈಕ್ ಇಲ್ಲದಿದ್ದರೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದಲ್ಲಿ ಸದ್ದಿಲ್ಲದ ಆಡಿಯೋ ಟ್ರ್ಯಾಕ್ ಸೇರಿಸಿ ಕಳಿಸಿ. ಕ್ಯಾಮೆರಾದ ವಿಡಿಯೋ ಸಂಕುಚನ ವಿಧಾನ ಎಚ್.265ರಲ್ಲಿದ್ದರೆ ಎಚ್.264ಕ್ಕೆ ಬದಲಿಸಿ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಐ-ಫ್ರೇಮ್ (ಪೂರ್ತಿ ಚಿತ್ರವಿರುವ ಫ್ರೇಮ್) ಅಂತರ 50 ಇಡಿ, ಅಂದರೆ 2 ಸೆಕೆಂಡಿಗೊಂದು. ವಿಡಿಯೋವನ್ನು ಕಾಪಿ ಮೋಡ್‌ನಲ್ಲೇ, ಅಂದರೆ ಬದಲಿಸದೆ ಹಾಗೆಯೇ, ದಾಟಿಸಿದರೆ ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರ್ ಕೂಡ ಆರಾಮಾಗಿ ಎಳೆಯುತ್ತದೆ. ಚಾನೆಲಿನಲ್ಲಿ ಮೊದಲ ಸಲ ಲೈವ್ ಆನ್ ಮಾಡಿದರೆ 24 ಗಂಟೆ ಕಾಯಬೇಕಾಗಬಹುದು, ಅದನ್ನೂ ನೋಡಿ.

3 ಎಂಬಿಪಿಎಸ್‌ನಲ್ಲಿ ದಿನಕ್ಕೆ ಸುಮಾರು 32 ಜಿಬಿ, ತಿಂಗಳಿಗೆ ಹತ್ತಿರಹತ್ತಿರ 1 ಟಿಬಿ ಹೋಗುತ್ತದೆ. ಮೊಬೈಲ್ ಸಿಮ್ ನಂಬಬೇಡಿ, ಫೈಬರ್ ಎಳೆಸಿ.

ಉತ್ತರ 3:
ಲೆನ್ಸ್ 6 ಎಂಎಂಗೆ ಬದಲಿಸಿ. ಸುಮಾರು 50 ಡಿಗ್ರಿ ನೋಟ. 300 ಮೀಟರಿನಲ್ಲಿ 280 ಮೀಟರ್ ಅಗಲ ಸಿಗುತ್ತದೆ. 20 ಮೀಟರಿನ ಬೋಟ್ 140 ಪಿಕ್ಸೆಲ್ ಬರುತ್ತದೆ, ಈಗ 50 ಕೂಡ ಬರುತ್ತಿರಲಿಕ್ಕಿಲ್ಲ. ಮನುಷ್ಯನ ಮುಖ ಒಂದೆರಡು ಪಿಕ್ಸೆಲ್ಲಷ್ಟೇ. ಇದು ಮುಖ್ಯ: ಮೀನು ವಿಂಗಡಿಸುವ ಹೆಂಗಸರು ದಿನವಿಡೀ ಅಲ್ಲೇ ಕೂತಿರುತ್ತಾರೆ, ಅವರ ಗುರುತು ಸಿಗಬಾರದು. ಹತ್ತಿರದ ಮನೆಗಳು ಬರುವ ಮೂಲೆಗೆ ಪ್ರೈವಸಿ ಮಾಸ್ಕ್ (ಆ ಭಾಗವನ್ನು ಮುಚ್ಚುವ ಕ್ಯಾಮೆರಾ ಸೆಟ್ಟಿಂಗ್) ಹಾಕಿ. ನೇರ ಪಡುವಣಕ್ಕೆ ತಿರುಗಿಸಿದರೆ ಮಧ್ಯಾಹ್ನ 3ರ ಮೇಲೆ ಬೋಟ್‌ಗಳೆಲ್ಲ ಕಪ್ಪು ನೆರಳಾಗುತ್ತವೆ. ಆದಷ್ಟು ಬಡಗು ದಿಕ್ಕಿಗೆ ವಾಲಿಸಿ.

ಅಳಿವೆಯ ಬಾಯಿ ಫ್ರೇಮಿನ ಒಂದು ಬದಿಗಾದರೂ ಇರಲಿ. ಅಲ್ಲಿ ನೊರೆಯ ಬಿಳಿ ಗೆರೆ ಒಡೆಯುತ್ತಿದ್ದರೆ ಕಡಲು ಎದ್ದಿದೆ ಅಂತ ಅರ್ಥ. ದಕ್ಕೆಯ ಗೋಡೆಗೆ ಕಟ್ಟಿದ ಟಯರ್‌ಗಳಲ್ಲಿ ಎಷ್ಟು ಮುಳುಗಿವೆ ಅಂತ ನೋಡಿದರೆ ಉಬ್ಬರ ಇಳಿತ ತಿಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಬೋಟ್‌ಗಳು ಒತ್ತೊತ್ತಾಗಿ ಕಟ್ಟಿಕೊಂಡಿರುತ್ತವೆ. ಏನೂ ಅಲುಗಾಡದ್ದು ಕಂಡು ಲೈವ್ ನಿಂತುಹೋಗಿದೆ ಅಂತ ಜನ ಮೆಸೇಜ್ ಮಾಡುತ್ತಾರೆ, ಆದ್ದರಿಂದ ಕ್ಯಾಮೆರಾದ ಗಡಿಯಾರ ಪರದೆಯ ಮೇಲೆ ಕಾಣುವಂತಿರಲಿ.

ಲೈವ್ ಅಂದರೂ ಚಿತ್ರ ಅರ್ಧ ನಿಮಿಷದವರೆಗೂ ಹಿಂದಿರುತ್ತದೆ. ಕಡಲಿಗೆ ಇಳಿಯಬಹುದೇ ಅಂತ ಇದನ್ನು ನೋಡಿ ಯಾರೂ ತೀರ್ಮಾನ ಮಾಡದಿರಲಿ. ವಿವರಣೆಯ ಮೊದಲ ಸಾಲಿನಲ್ಲೇ ಹಾಗೆ ಬರೆದು, ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನ ಅಲೆ ಮುನ್ಸೂಚನೆಯ ಕೊಂಡಿ ಕೊಡಿ.