ಒಂದೂವರೆ ವರ್ಷ ಜಿಮ್, ತೂಕ 61ರಲ್ಲೇ ನಿಂತಿದೆ. ಸಸ್ಯಾಹಾರಿ, ಇಂಜೆಕ್ಷನ್ ಬೇಡ. ಏನು ಬದಲಾಯಿಸಲಿ?

ಹರಿಹರ_61

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ, ಎತ್ತರ 173 ಸೆಂ.ಮೀ. ಮನೆ ಹರಿಹರ, ಕೆಲಸ ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು. ಜಿಮ್ ಸೇರಿದಾಗ 58 ಕೆಜಿ ಇದ್ದೆ. ಮೊದಲ ವರ್ಷ 61 ಆಯ್ತು, ಆಮೇಲೆ ಆರು ತಿಂಗಳಿಂದ ಮುಳ್ಳು ಅಲುಗಾಡಿಲ್ಲ. ಬೆಂಚ್ ಪ್ರೆಸ್ (ಮಲಗಿ ಎದೆ ಮೇಲಿಂದ ತೂಕ ಎತ್ತೋದು) 45 ಕೆಜಿ ದಾಟಿಲ್ಲ.

ಟ್ರೇನರ್ ಕೊಟ್ಟಿರೋದು: ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ತೋಳು, ಶುಕ್ರವಾರ ಕಾಲು. ದಿನಕ್ಕೆ ಐದಾರು ವ್ಯಾಯಾಮ, ಒಂದೊಂದಕ್ಕೆ ನಾಲ್ಕು ಸೆಟ್, ಅಂದ್ರೆ ನಾಲ್ಕು ಸುತ್ತು. ಐದೂಕಾಲಿಗೆ ಎದ್ದು ಆರಕ್ಕೆ ಜಿಮ್‌ನಲ್ಲಿರ್ತೀನಿ. ರಾತ್ರಿ ಬಸ್ ಹಿಡಿದು ಮನೆ ಸೇರೋದು ಹತ್ತಕ್ಕೆ, ಊಟ ಮಾಡಿ ಮಲಗೋದು ಹನ್ನೆರಡಾಗುತ್ತೆ.

ಊಟ: ಜಿಮ್ ಆದಮೇಲೆ ಎರಡು ಬಾಳೆಹಣ್ಣು. ತಿಂಡಿಗೆ ಅವಲಕ್ಕಿ ಅಥವಾ ಉಪ್ಪಿಟ್ಟು. ಮಧ್ಯಾಹ್ನ ಡಬ್ಬಿಯಲ್ಲಿ ಮೂರು ಜೋಳದ ರೊಟ್ಟಿ, ಪಲ್ಯ, ಸ್ವಲ್ಪ ಅನ್ನ. ಸಂಜೆ ಅಂಗಡಿ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಿನಕ್ಕೆ ಮೂರು ಟೀ. ರಾತ್ರಿ ಅನ್ನ, ಬೇಳೆ ಸಾರು. ನಮ್ಮ ಮನೆಗೆ ಮೊಟ್ಟೆ ಬರೋ ಹಾಗಿಲ್ಲ. ಹೊರಗೆ ತಿನ್ನಬಹುದು, ಆದರೆ ಅಮ್ಮನಿಗೆ ಹೇಳದೆ ತಿನ್ನೋಕೆ ನನಗೆ ಮನಸ್ಸಿಲ್ಲ.

ನನ್ನ ಜೊತೆಗೇ ಸೇರಿದ ಗೆಳೆಯ ನಾಲ್ಕು ತಿಂಗಳಲ್ಲಿ 12 ಕೆಜಿ ಏರಿದ. 'ಕೋರ್ಸ್' (ಮೈ ಬೆಳೆಸೋ ಹಾರ್ಮೋನ್ ಇಂಜೆಕ್ಷನ್) ತಗೊಂಡಿದೀನಿ ಅಂತ ಅವನೇ ಹೇಳಿದ, ನನಗೂ ಕೊಡಿಸ್ತೀನಿ ಅಂದ. ನಾನು ಬೇಡ ಅಂದೆ. ಟ್ರೇನರ್ ಕೇಳಿದ್ರೆ "ನಿನ್ನ ಜೀನ್ಸ್ ಇಷ್ಟೇ" ಅಂತಾರೆ, ಅಂದ್ರೆ ಹುಟ್ಟಿನಿಂದ ಬಂದ ವಂಶವಾಹಿಯೇ ಹೀಗೆ ಅಂತ. ಆ ಮಾತು ಕೇಳಿ ಎರಡು ದಿನ ಜಿಮ್‌ಗೆ ಹೋಗೋಕೇ ಆಗಲಿಲ್ಲ.

ತಿಂಗಳಿಗೆ 2,500 ರೂಪಾಯಿವರೆಗೆ ಊಟಕ್ಕೆ ಹೆಚ್ಚಿಗೆ ಹಾಕಬಲ್ಲೆ. ಏನು ಬದಲಾಯಿಸಲಿ?


ಲೇಥ್_ಹುಬ್ಬಳ್ಳಿ

ತಮ್ಮಾ, ನೀ ಬರದದ್ದು ಎರಡು ಸಲ ಓದಿದೆ. ನಾ ಹುಬ್ಬಳ್ಳಿ ಗೋಕುಲ ರೋಡ್ ಕಡೆ ಲೇಥ್ ಮಶೀನ್ ಮ್ಯಾಲೆ ಕೆಲಸ ಮಾಡತೀನಿ. ವಯಸ್ಸು 39. ನಮ್ಮ ಮನ್ಯಾಗೂ ತತ್ತಿ ಇಲ್ಲ. 2013ರಾಗ ಕಬ್ಬಿಣ ಎತ್ತಾಕ ಶುರು ಮಾಡಿದಾಗ 56 ಕೆಜಿ ಇದ್ದೆ, ಈಗ 70. ನಾ ಎಂದೂ ಸೂಜಿ ಮುಟ್ಟಿಲ್ಲ. ಅದಕ್ಕ ನಿನಗ ಉತ್ತರ ಬರ್ಯಾಕ ಕುಂತೀನಿ.

ಜೀನ್ಸ್ ವಿಚಾರ ಬಿಡು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಿನ್ನ ನಿದ್ದಿ. ಹನ್ನೆರಡಕ್ಕ ಮಲಗಿ ಐದೂಕಾಲಿಗೆ ಏಳತಿ, ವಾರದಾಗ ಐದು ದಿನ. ಹನ್ನೊಂದು ತಾಸು ನಿಂತು ದುಡಿಯೋ ಮೈಗೆ ಐದು ತಾಸು ನಿದ್ದಿ ಕೊಟ್ಟು, ಮ್ಯಾಲೆ ಇಪ್ಪತ್ತು ಸೆಟ್ ಎದಿ ಹೊಡದ್ರ ಅದು ಬೆಳಿಯೂದು ಯಾವಾಗ? ಐದು ದಿನ ಬಿಡು, ಮೂರು ದಿನ ಹೋಗು. ಮಂಗಳವಾರ, ಗುರುವಾರ ಮುಂಜಾನೆ, ಮತ್ತ ನಿನಗ ರಜಾ ಇದ್ದ ದಿನ ಆರಾಮಾಗಿ ಒಂಬತ್ತಕ್ಕ. ಉಳಿದ ದಿನ ಏಳರ ತನಕ ಮಲಗು. ಜಿಮ್ ಕಡಿಮಿ ಮಾಡಿ ಮೈ ಬೆಳಸೂದು ಅಂದ್ರ ನಂಬಾಕ ಕಷ್ಟ ಆಗತೈತಿ, ನನಗೂ ಆಗಿತ್ತು.

ಮೂರು ದಿನಾನೂ ಪೂರ್ತಿ ಮೈಗೆ ವ್ಯಾಯಾಮ ಮಾಡು. ಈಗ ನಿನ್ನ ಎದಿಗೆ ಸೋಮವಾರ ಕೆಲಸ ಬಿತ್ತಂದ್ರ ಮುಂದಿನ ಸೋಮವಾರದ ತನಕ ಏನೂ ಇಲ್ಲ. ಇಪ್ಪತ್ತು ಸೆಟ್ಟಿನಾಗ ಮೊದಲಿನ ಆರೇಳು ಚಲೋ ಆಗಿರತಾವ, ಉಳಿದದ್ದು ಬರೇ ಸುಸ್ತು. ಅದನ್ನ ಹಂಚು: ಸ್ಕ್ವಾಟ್ (ಹೆಗಲ ಮ್ಯಾಲೆ ತೂಕ ಹೊತ್ತು ಬಸ್ಕಿ) 3 ಸೆಟ್, ಬೆಂಚ್ 3, ರೋಯಿಂಗ್ (ತೂಕ ಹೊಟ್ಟಿ ಕಡೆ ಎಳಿಯೂದು) 3, ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಗ್ಗಿ ತೂಕ ಎತ್ತೂದು) 2, ಕಡೀಕ ತೋಳಿಗೆ 2. ಮಧ್ಯದ ದಿನ ಬೆಂಚ್ ಬದಲಿ ಭುಜದ ಪ್ರೆಸ್, ರೋಯಿಂಗ್ ಬದಲಿ ಲ್ಯಾಟ್ ಪುಲ್‌ಡೌನ್ (ಮ್ಯಾಲಿನ ಬಾರ್ ಕೆಳಗ ಎಳಿಯೂದು). ದೊಡ್ಡ ವ್ಯಾಯಾಮದ ಸೆಟ್ಟಿನ ನಡುವೆ ಎರಡು-ಮೂರು ನಿಮಿಷ ಕೂಡು, ಅವಸರ ಬ್ಯಾಡ. ಪ್ರತಿ ಸೆಟ್ಟಿನಾಗ ಇನ್ನೊಂದು-ಎರಡು ಎತ್ತಬಹುದಿತ್ತು ಅನ್ನೂವಾಗ ನಿಲ್ಲಸು. ತಿಂಗಳು ಒಪ್ಪತ್ತು ಆದ ಮ್ಯಾಲೆ ಮೈ ತಡಕೊಂಡ್ರ ಒಂದೊಂದು ಸೆಟ್ ಏರಸು.

45ರ ವಿಚಾರ. ಎತ್ತಿದ್ದು ಬರದಿಡಾಕ ನಿನ್ನ ಕಡೆ ವಹಿ ಐತೇನು? ನೀ ಬರದಿಲ್ಲ ಅಂದ್ರ ಇಲ್ಲ ಅನಕೋತೀನಿ. ನಮ್ಮ ಕೆಲಸದಾಗ ಅಳತಿ ನೋಡೂ ವರ್ನಿಯರ್ ಇಲ್ಲದ ಯಾರೂ ಜಾಬ್ ಹಚ್ಚೂದಿಲ್ಲ, ಕಣ್ಣಳತಿ ನಂಬಿದ್ರ ಆ ಮಾಲು ಗುಜರಿಗೇ. 40 ರೂಪಾಯಿ ವಹಿ ತಗೋ. 42.5ಕ್ಕ ಇಳಿ, ಮೂರು ಸೆಟ್ಟಿನಾಗ 8-8-8, ಅಂದ್ರ ಎಂಟೆಂಟು ಸಲ, ಬಂತಂದ್ರ ಬರಿ. ಮುಂದಿನ ಸಲ 9-8-8 ಆದ್ರೂ ಅದು ಗೆಲುವು. ಮೂರರಾಗೂ 12 ಮುಟ್ಟಿದ ದಿನ 45 ಹಾಕು, ಮತ್ತ ಎಂಟರಿಂದ ಶುರು ಮಾಡು. 1.25 ಕೆಜಿ ಪ್ಲೇಟು ನಿಮ್ಮ ಜಿಮ್ಮಿನಾಗ ಇಲ್ಲದಿದ್ರ ಒಂದು ಜೋಡಿ ನೀನ ತಗೊಂಡು ಚೀಲದಾಗ ಇಟಗೋ. ನಾ ಇವತ್ತಿಗೂ ಹಂಗ ಮಾಡತೀನಿ.

ಈಗ ಊಟ. ಆರು ತಿಂಗಳಿಂದ ತೂಕ ಅಲ್ಲೇ ಐತಿ ಅಂದ್ರ ತಿನ್ನೂದು, ಖರ್ಚಾಗೂದು ಸರಿಸಮ ಆಗೈತಿ. ಯಾವ ಆ್ಯಪ್ಪಿನ ಲೆಕ್ಕಾನೂ ಬ್ಯಾಡ. ಈಗಿನದರ ಮ್ಯಾಲೆ ದಿನಕ್ಕ 300 ಕ್ಯಾಲೊರಿ ಸೇರಿದ್ರ ಸಾಕು. ಪ್ರೋಟೀನ್ ನಾ ಕೂಡಿಸಿ ನೋಡಿದೆ: ರೊಟ್ಟಿದು 15 ಗ್ರಾಂ, ಅನ್ನದ್ದು 14, ಬೇಳಿದು 9, ಅವಲಕ್ಕಿ 6, ಟೀ ಹಾಲು 5, ಪಲ್ಯ, ಬಜ್ಜಿ, ಹಣ್ಣು ಎಲ್ಲಾ ಕೂಡಿ ಹತ್ತು. 60ರ ಒಳಗ ಐತಿ. 2018ರಾಗ 49 ಪ್ರಯೋಗಗಳನ್ನ ಒಂದೇ ಕಡೆ ಕೂಡಿಸಿ ನೋಡಿದ ಅಧ್ಯಯನ ಬಂತು. ತೂಕ ಎತ್ತೋರಿಗೆ ಕೆಜಿಗೆ 1.6 ಗ್ರಾಂ ದಾಟಿದ ಮ್ಯಾಲೆ ಸ್ನಾಯು ಬೆಳಿಯೂದ್ರಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನಿನಗ ಅದು 98. ನೂರು ಅಂತ ಇಟಗೋ. ಕೊರತಿ 40.

ಆ ನಲವತ್ತು ಹಿಂಗ ತುಂಬು. ನಂದಿನಿ ನೀಲಿ ಪ್ಯಾಕೆಟ್ ಅರ್ಧ ಲೀಟರ್, ಒಂದು ಲೋಟ ತಿಂಡಿ ಕೂಡ, ಒಂದು ಲೋಟ ಮಲಗೂ ಮುಂದ: 15 ಗ್ರಾಂ. ಸೋಯಾ ಚಂಕ್ಸ್ ಒಣದು 40 ಗ್ರಾಂ, ಮಧ್ಯಾಹ್ನದ ಪಲ್ಯದಾಗ: 20 ಗ್ರಾಂ. ಶೇಂಗಾ ಇಲ್ಲಾ ಪುಟಾಣಿ (ಹುರಿಗಡಲೆ) ಒಂದು ಹಿಡಿ, 30 ಗ್ರಾಂ: 7 ಗ್ರಾಂ ಹತ್ರ. ಇಷ್ಟಕ್ಕ 600 ಕ್ಯಾಲೊರಿ ಆತು. ನಿನಗ ಬೇಕಾದದ್ದು 300. ಅದಕ್ಕ ಸಂಜಿ ಮಂಡಕ್ಕಿ-ಬಜ್ಜಿ ವಾರಕ್ಕ ಒಂದು ದಿನ ಇಟಗೋ, ಉಳಿದ ದಿನ ಆ ಜಾಗಾದಾಗ ಪುಟಾಣಿ-ಶೇಂಗಾ ತಿನ್ನು. ಎಲ್ಲಾ ಕೂಡಿದ್ರೂ ನಿನ್ನ 2,500 ಮುಟ್ಟೂದಿಲ್ಲ. ಉಳಿದ ರೊಕ್ಕದಾಗ ಕ್ರಿಯೇಟಿನ್ ಮೊನೊಹೈಡ್ರೇಟ್ (ಸ್ನಾಯುಕ್ಕ ಜೋರು ಕೊಡೂ ಪುಡಿ) ತಗೋ, ದಿನಕ್ಕ 3ರಿಂದ 5 ಗ್ರಾಂ. ಅದು ಊಟದಾಗ ಸಿಗೂದು ಮಾಂಸ, ಮೀನಿನಿಂದ, ನಮ್ಮಂಥೋರ ಸ್ನಾಯುದಾಗ ಕಡಿಮಿ ಇರತೈತಿ. ಮೊದಲ ವಾರ ಒಂದು ಕೆಜಿ ನೀರಿನ ತೂಕ ಏರಬಹುದು, ಅದನ್ನ ಸ್ನಾಯು ಅಂತ ಎಣಿಸಬ್ಯಾಡ. ಪ್ರೋಟೀನ್ ಪೌಡರ್ ಬೇಕಂದ್ರ ತಗೋ, ಅದು ಹೆಚ್ಚಾಗಿ ಹಾಲಿನಿಂದ ತಗದ ಪ್ರೋಟೀನ್ ಪುಡೀನ. ಇಲ್ಲದಿದ್ರೂ ನಡಿತೈತಿ.

ತೂಕ ದಿನಾ ಮುಂಜಾನೆ ನೋಡಿ ವಾರದ ಸರಾಸರಿ ಬರಿ. ವಾರಕ್ಕ 150ರಿಂದ 250 ಗ್ರಾಂ ಏರಬೇಕು. ಎರಡು ವಾರ ಏರಲಿಲ್ಲ ಅಂದ್ರ ಇನ್ನೊಂದು ರೊಟ್ಟಿ.


ಗರಡಿ_ದಾವಣಗೆರೆ

ನಮ್ಮೂರಿನ ತಮ್ಮ, ಇಷ್ಟು ಲೆಕ್ಕ ಯಾಕೆ? ನಮ್ಮಜ್ಜ ಪೈಲ್ವಾನ್. ಗರಡಿಯಲ್ಲಿ ಬೆಳಗಿನ ಜಾವ ಸಾಮು ತೆಗೆದು, ದಂಡೆ-ಬಸ್ಕಿ ಹೊಡೆದು, ನೆನೆಸಿದ ಬಾದಾಮಿ ಅರೆದು ಹಾಲಿಗೆ ಹಾಕಿ ಕುಡೀತಿದ್ರು. ರೊಟ್ಟಿ ಮೇಲೆ ತುಪ್ಪ ಹರಿಯಬೇಕು. ದಿನಕ್ಕೆ ಎರಡು ಲೀಟರ್ ಹಾಲು ಕುಡಿ, ಹೊಟ್ಟೆ ತುಂಬ ತುಪ್ಪ ತಿನ್ನು, ಆರು ತಿಂಗಳಲ್ಲಿ 75 ಆಗ್ತೀಯ. ಕಾಲಿನ ದಿನ ಮಾತ್ರ ತಪ್ಪಿಸಬೇಡ, ಬಸ್ಕಿ ಇಲ್ಲದ ಪೈಲ್ವಾನನ್ನ ನಾನು ನೋಡಿಲ್ಲ.


ಲೇಥ್_ಹುಬ್ಬಳ್ಳಿ

ಅಣ್ಣಾರ, ನಿಮ್ಮ ಅಜ್ಜಾರ ಮ್ಯಾಲೆ ನನಗ ಗೌರವ ಐತಿ, ಬಸ್ಕಿ ಮಾತೂ ಖರೆ. ಆದ್ರ ಅವರು ಮುಂಜಾನೆ, ಸಂಜಿ ಮೂರು-ಮೂರು ತಾಸು ಮಣ್ಣಿನಾಗ ಕುಸ್ತಿ ಆಡಿ, ಮಧ್ಯಾಹ್ನ ಉಂಡು ಮಲಗತಿದ್ರು. ಈ ಹುಡುಗ ಅಂಗಡ್ಯಾಗ ಸೀರಿ ಮಡಚಬೇಕು. ನಾನೂ 2016ರಾಗ ಹಂಗ ಮಾಡಿದೆ. ಹತ್ತು ತಿಂಗಳದಾಗ 63ರಿಂದ 74 ಆದೆ, ಪ್ಯಾಂಟು 30ರಿಂದ 36ಕ್ಕ ಹೋತು. ಬೆಂಚ್ ಏರಿದ್ದು ಬರೇ ಹತ್ತು ಕೆಜಿ. ಆ ಹೊಟ್ಟಿ ಇಳಸಾಕ ಮುಂದ ಏಳು ತಿಂಗಳು ಹೋತು. ಆ ವರ್ಷ ನನಗ ಮರಳಿ ಬರಲಿಲ್ಲ, ಅದಕ್ಕ ಇವಗ ಹೇಳಾಕತ್ತೀನಿ.


ಔಷಧಿ_ಅಂಗಡಿ_ಶಿವಮೊಗ್ಗ

ನಾನು ಫಾರ್ಮಸಿಸ್ಟ್. ತಮ್ಮ, ಬೇಡ ಅಂದೆಯಲ್ಲ, ಅದಕ್ಕೆ ನಿನ್ನ ಬಗ್ಗೆ ತುಂಬ ಖುಷಿಯಾಯ್ತು. ಚೀಟಿ ಇಲ್ಲದೆ ಟೆಸ್ಟೋಸ್ಟಿರಾನ್ (ಗಂಡಸರ ಹಾರ್ಮೋನ್) ಕೇಳಿಕೊಂಡು ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗರು ನಮ್ಮ ಕೌಂಟರ್‌ಗೆ ಬರ್ತಾರೆ. ವಾಪಸ್ ಕಳಿಸ್ತೀನಿ, ಎಲ್ಲೋ ಸಿಕ್ಕೇ ಸಿಗುತ್ತೆ ಅಂತ ಗೊತ್ತಿದ್ದೂ ಕಳಿಸ್ತೀನಿ.

ನಿನ್ನ ಗೆಳೆಯನ ಜೊತೆ ನಿನ್ನನ್ನ ಹೋಲಿಸಿಕೊಳ್ಳಬೇಡ ಅನ್ನೋಕೆ ಒಂದು ಕಾರಣ ಕೊಡ್ತೀನಿ. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. 43 ಗಂಡಸರು, 10 ವಾರ, ಕೆಲವರಿಗೆ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟಿರಾನ್. ಇಂಜೆಕ್ಷನ್ ಇಲ್ಲದೆ ತೂಕ ಎತ್ತಿದವರಿಗೆ ಕೊಬ್ಬಲ್ಲದ ತೂಕ ಸುಮಾರು 2 ಕೆಜಿ ಏರಿತು. ಏನೂ ವ್ಯಾಯಾಮ ಮಾಡದೆ ಇಂಜೆಕ್ಷನ್ ಮಾತ್ರ ತಗೊಂಡವರಿಗೆ 3 ಕೆಜಿ. ಎರಡೂ ಮಾಡಿದವರಿಗೆ 6. ಸುಮ್ಮನೆ ಕೂತವನಿಗೇ ನಿನಗಿಂತ ಹೆಚ್ಚು ಬರುತ್ತೆ ಅಂದಮೇಲೆ, ಅವನ ಐದು ದಿನದ ಪಟ್ಟಿ ನಿನಗೆ ಯಾಕೆ ಕೂಡಿಬರಲಿಲ್ಲ ಅಂತ ಯೋಚನೆ ಮಾಡು.

ಹೊರಗಿನಿಂದ ಹಾರ್ಮೋನ್ ಹೋದರೆ ಮೆದುಳು ವೃಷಣಗಳಿಗೆ ಕೊಡೋ ಸೂಚನೆ ನಿಲ್ಲಿಸುತ್ತೆ. ವೀರ್ಯಾಣು ಉತ್ಪತ್ತಿ ಕುಗ್ಗುತ್ತೆ, ಬಿಟ್ಟಮೇಲೆ ಮೊದಲಿನ ಹಾಗಾಗೋಕೆ ತಿಂಗಳುಗಟ್ಟಲೆ ಬೇಕು. ಗೆಳೆಯನನ್ನ ಬೈಯಬೇಡ, ಒಬ್ಬ ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಬಿಪಿ ನೋಡಿಸಲಿ, ಲಿವರ್, ಕೊಲೆಸ್ಟ್ರಾಲ್, ರಕ್ತ ಎಷ್ಟು ದಪ್ಪವಾಗಿದೆ ಅಂತ ಪರೀಕ್ಷೆ ಮಾಡಿಸಲಿ.

ನೀನೂ ಒಂದು ಸಲ ವಿಟಮಿನ್ ಬಿ12 ಮತ್ತು ಹಿಮೋಗ್ಲೋಬಿನ್ ನೋಡಿಸು. ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ಕೊರತೆ ಸಾಮಾನ್ಯ, ಸುಸ್ತಿಗೆ ಅದೂ ಕಾರಣ ಇರಬಹುದು. ಕ್ರಿಯೇಟಿನ್ ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಇದೆಯಾ ನೋಡಿ ತಗೋ.


ಹರಿಹರ_61

ಹನ್ನೊಂದು ವಾರ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ವಾರದ ಸರಾಸರಿ ತೂಕ 61.2 ಇದ್ದದ್ದು ಈಗ 63.4. ಇದರಲ್ಲಿ ಕ್ರಿಯೇಟಿನ್ ನೀರು ಒಂದು ಕೆಜಿ ಇರಬಹುದು ಅಂತ ಕಳೆದೇ ನೋಡ್ತೀನಿ ಅಣ್ಣ. ಬೆಂಚ್ 47.5ರಲ್ಲಿ 11-10-9. ಸ್ಕ್ವಾಟ್ 40 ಇದ್ದದ್ದು 60. ಸೊಂಟ ಒಂದು ಸೆಂ.ಮೀ. ಹೆಚ್ಚಿದೆ ಅಷ್ಟೇ. ಬಿ12 ಕಡಿಮೆ ಇತ್ತು, ಡಾಕ್ಟರು ಮಾತ್ರೆ ಬರೆದುಕೊಟ್ಟರು.

ಮೊದಲ ಎರಡು ವಾರ ಸೋಯಾದಿಂದ ಹೊಟ್ಟೆ ಉಬ್ಬರಿಸಿತು. ಅಮ್ಮನೇ ದಾರಿ ಕಂಡುಹಿಡಿದರು: ಬಿಸಿನೀರಲ್ಲಿ ನೆನೆಸಿ, ಎರಡು ಸಲ ಹಿಂಡಿ ಚೆಲ್ಲಿ, ಆಮೇಲೆ ಶೇಂಗಾ ಪುಡಿ ಹಾಕಿ ಎಣ್ಣೆಗಾಯಿ ಥರ ಮಾಡ್ತಾರೆ. ದಿನ ಬಿಟ್ಟು ದಿನ ಸೋಯಾ ಬದಲು ಮೊಳಕೆ ಹೆಸರುಕಾಳು, ಒಂದು ಬಟ್ಟಲು ಗಟ್ಟಿ ಮೊಸರು. ಪ್ರೋಟೀನ್ ಆ ದಿನ 90ರ ಹತ್ತಿರ ನಿಲ್ಲುತ್ತೆ. ಅಮ್ಮ ಈಗ ತಕ್ಕಡಿಯಲ್ಲಿ ಅವರೇ ತೂಗಿ ಹಾಕ್ತಾರೆ, ರಾತ್ರಿ ಹಾಲು ಕುಡಿದೆನಾ ಅಂತ ಕೇಳಿಯೇ ಮಲಗೋದು. ಗೆಳೆಯ ಇನ್ನೂ ಡಾಕ್ಟರ ಹತ್ತಿರ ಬಂದಿಲ್ಲ, ಕೇಳ್ತಾನೇ ಇದೀನಿ.

ಒಂದು ಪ್ರಶ್ನೆ. ಮುಂದಿನ ತಿಂಗಳು ದೀಪಾವಳಿ ಸೀಸನ್, ಅಂಗಡಿ ರಾತ್ರಿ ಹನ್ನೊಂದರವರೆಗೆ. ರಜೆಯೂ ಇಲ್ಲ. ಮೂರು ದಿನ ಆಗಲ್ಲ. ಮಾಡಿದ್ದೆಲ್ಲ ಹೋಗುತ್ತಾ?


ಲೇಥ್_ಹುಬ್ಬಳ್ಳಿ

ಹೋಗೂದಿಲ್ಲ ತಮ್ಮಾ. ಬೆಳಸಾಕ ಬೇಕಾದಷ್ಟು ಕೆಲಸ ಉಳಿಸಿಕೊಳ್ಳಾಕ ಬೇಕಾಗೂದಿಲ್ಲ, ಮೂರರಾಗ ಒಂದು ಪಾಲು ಮಾಡಿದ್ರೂ ಒಂದೆರಡು ತಿಂಗಳು ನಿಲ್ಲತೈತಿ. ಕಬ್ಬಿಣದ ತೂಕ ಮಾತ್ರ ಇಳಸಬ್ಯಾಡ, ಸೆಟ್ ಇಳಸು. ವಾರಕ್ಕ ಎರಡು ದಿನ, ಸ್ಕ್ವಾಟ್, ಬೆಂಚ್, ರೋಯಿಂಗ್ ಎರಡೆರಡು ಸೆಟ್, 35 ನಿಮಿಷದಾಗ ಮನಿ ಸೇರು. ಮುಂಜಾನೆ ಏಳಾಕ ಆಗದಿದ್ರ ಒಂದು ದಿನ ಬಿಡು, ನಿದ್ದಿ ಬಿಡಬ್ಯಾಡ. ಗಿರಾಕಿ ಗದ್ದಲದಾಗ ಊಟ ತಪ್ಪತೈತಿ, ಅದಕ್ಕ ಪುಟಾಣಿ-ಶೇಂಗಾ ಡಬ್ಬಿ ಗಲ್ಲಾಪೆಟ್ಟಿಗಿ ಕೆಳಗ ಇಟಗೋ. ಅಮ್ಮಾರಿಗೆ ನನ್ನ ನಮಸ್ಕಾರ ಹೇಳು, ಆ ಸೋಯಾ ಎಣಗಾಯಿಗೆ ಹುಣಸಿಹಣ್ಣು ಹಾಕತಾರೋ ಇಲ್ಲೋ ಕೇಳಿ ಬರಿ.